ನಮ್ಮ ಅತ್ತೆ ಕ್ಷಮೆ ಕೇಳಿಲ್ಲ

ಪ್ರಾದೇಶಿಕ ವ್ಯಾಪಾರಿಗಳ ಸಂಘದ ಮಾನ್ಯ ಅಧ್ಯಕ್ಷರೇ,

ನಮ್ಮ ಅತ್ತೆ ಕ್ಷಮೆ ಕೇಳಿಲ್ಲ. ಯಾರಲ್ಲೂ ಕೇಳಿಲ್ಲ, ಯಾವತ್ತೂ ಕೇಳಿಲ್ಲ, ಮುಂದೆ ಕೇಳುವ ಲಕ್ಷಣವೂ ಕಾಣುತ್ತಿಲ್ಲ. ಹೀಗಿದ್ದೂ ತಮ್ಮ ಸಂಘದ ಹೊಸ ವೆಬ್‌ಸೈಟಿನ ಬಲಗಡೆಯ ಕೆಳಮೂಲೆಯಲ್ಲಿ, ಕೇಳಿದ್ದಕ್ಕೆಲ್ಲ ತಾನಾಗಿಯೇ ಉತ್ತರ ಕೊಡುವ ದುಂಡನೆಯ ಬಿಲ್ಲೆಯೊಂದರೊಳಗೆ ಅವರ ನಗುಮುಖ ಕೂತುಕೊಂಡು, ಪರಿಚಯದವರು ಅಪರಿಚಿತರು ಎನ್ನದೆ, ಬಂದವರಿಗೆಲ್ಲ ಹಗಲೂ ರಾತ್ರಿ 'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ' ಎಂದು ಹೇಳುತ್ತಿದೆ. ಆ ಮುಖವನ್ನು ಅಲ್ಲಿಂದ ತೆಗೆಯಿರಿ ಎಂದು ಬಾಯಿಮಾತಿನಲ್ಲಿ ಕೇಳಿದ್ದಾಯಿತು. ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಕೇಳಿದ್ದಾಯಿತು. ತಾವು ನಗುನಗುತ್ತಾ ನಮ್ಮನ್ನು ಮತ್ತೆ ಅದೇ ವೆಬ್‌ಸೈಟಿಗೆ ಕಳುಹಿಸಿದಿರಿ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಓದಿದವರು ತಮಗೂ ಓದಿ ಹೇಳಲಿ.

ಮೊದಲಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ, ಏಕೆಂದರೆ ತಮ್ಮ ವೆಬ್‌ಸೈಟಿನ ಸದಸ್ಯರ ಪುಟದಲ್ಲಿ ನಾನು ಸಿಗುವುದಿಲ್ಲ. ಅಲ್ಲಿ ಏನನ್ನು ಹುಡುಕಿದರೂ ತಾವೇ ಸಿಗುತ್ತೀರಿ. 'ಹೊಲಿಗೆ ಯಂತ್ರ' ಎಂದು ಹುಡುಕಿದೆ, ತಾವು ಸಿಕ್ಕಿರಿ. 'ಕೊಳಾಯಿ ರಿಪೇರಿ' ಎಂದೆ, ತಾವು ರಿಬ್ಬನ್ ಕತ್ತರಿಸುತ್ತಿರುವ ಚಿತ್ರ ಬಂತು. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಪೇಟೆ ಬೀದಿಗೆ ಅಂಟಿಕೊಂಡ ಇಕ್ಕಟ್ಟಾದ ಗಲ್ಲಿಯಲ್ಲಿ ಒಂದೇ ಮಳಿಗೆಯನ್ನು ನಾನೂ ನನ್ನ ಹೆಂಡತಿಯ ತಾಯಿಯೂ ಹಂಚಿಕೊಂಡಿದ್ದೇವೆ. ಎಡಗಡೆ ಅವರ ಗುಂಡಿ, ದಾರ, ಹುಕ್ಕು, ಲೇಸು, ಎಲಾಸ್ಟಿಕ್ಕು. ಬಲಗಡೆ ನನ್ನ ಎಣ್ಣೆ ಡಬ್ಬಿ, ಬಾಬಿನ್ನುಗಳು, ಸ್ಕ್ರೂಡ್ರೈವರುಗಳು ಮತ್ತು ಗಿರಾಕಿಗಳು ಬಿಟ್ಟುಹೋಗಿ ಮರೆತೇಬಿಟ್ಟ ಯಂತ್ರಗಳು. ನಡುವೆ ಗೆರೆಯೇನೂ ಎಳೆದಿಲ್ಲ. ಆದರೆ ನನ್ನ ಎಣ್ಣೆಬಟ್ಟೆ ಒಂದು ಗೇಣು ಆಚೆ ಸರಿದರೆ ಗೆರೆ ಎಲ್ಲಿದೆಯೆಂದು ಗಲ್ಲಿಗೆಲ್ಲ ಗೊತ್ತಾಗುತ್ತದೆ.

ಪೇಟೆಯವರು ಅವರನ್ನು 'ಗುಂಡಿ ಅತ್ತೆ' ಎನ್ನುತ್ತಾರೆ. ಅವರ ಕೋಪ ಮೂಗಿನ ತುದಿಯಲ್ಲಿದೆ ಎಂದರೆ ಅರ್ಧ ಸತ್ಯ. ಅದು ಮೂಗಿಗಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತದೆ. ಅಳಿಯನೆಂಬ ಮರ್ಯಾದೆಗೆ ನನ್ನನ್ನು ಬಹುವಚನದಲ್ಲೇ ಬೈಯುತ್ತಾರೆ. "ಅಳಿಯಂದಿರೇ, ತಾವು ಎಣ್ಣೇನ ಕಣ್ಣು ಬಿಟ್ಕೊಂಡು ಹಾಕ್ತೀರೋ, ಮುಚ್ಕೊಂಡು ಹಾಕ್ತೀರೋ?" ಗಿರಾಕಿಗಳಿಗೂ ರಿಯಾಯಿತಿಯಿಲ್ಲ. ನೀಲಿ ಅಂಗಿಗೆ ಕಂದು ಗುಂಡಿ ಕೇಳಿದವರನ್ನು "ಮನೇಲಿ ಹೇಳಿ ಬಂದಿದೀರಾ?" ಎಂದು ಕೇಳಿದ್ದಾರೆ. ಆದರೂ ಜನ ಅವರಲ್ಲಿಗೇ ಬರುತ್ತಾರೆ, ಏಕೆಂದರೆ ಬೈದಾದ ಮೇಲೆ ಅವರು ಕೊಡುವ ಗುಂಡಿ ಆ ಅಂಗಿ ಹುಟ್ಟಿದಾಗಲೇ ಅದಕ್ಕೆಂದು ಹುಟ್ಟಿದ್ದೇನೋ ಎಂಬಷ್ಟು ಸರಿಯಾಗಿರುತ್ತದೆ.

ಇಂಥವರ ನಗುಮುಖ ತಮಗೆ ಎಲ್ಲಿ ಸಿಕ್ಕಿತು ಎಂಬುದು ನಮ್ಮ ಮನೆಯಲ್ಲೇ ಬಹಳ ಚರ್ಚೆಯಾದ ವಿಷಯ. ನನ್ನ ಹೆಂಡತಿ ಆ ಫೋಟೋ ನೋಡಿ, "ಇದು ನಮ್ಮಮ್ಮ ಅಲ್ಲ ರೀ, ನಮ್ಮಮ್ಮನ ಥರಾನೇ ಇರೋ ಯಾರೋ ಒಳ್ಳೇವ್ರು" ಎಂದಳು. ಕೊನೆಗೆ ನೆನಪಾಯಿತು. ಸಂಘದ ವಾರ್ಷಿಕ ಸಭೆಯಲ್ಲಿ ತೆಗೆದ ಚಿತ್ರವದು. ಅಂದು ತಾವು ವೇದಿಕೆಯ ಮೇಲೆ ನಿಂತು 'ವ್ಯಾಪಾರದಲ್ಲಿ ಶಿಸ್ತು' ಎಂಬ ವಿಷಯವಾಗಿ ಮಾತನಾಡುತ್ತಿದ್ದಿರಿ. ತಮ್ಮ ಕೋಟಿನ ಗುಂಡಿಗಳು ಒಂದೊಂದು ಮನೆ ಜಾರಿ, ಎಡಗಡೆಯ ಅಂಚು ಗದ್ದಕ್ಕೂ ಬಲಗಡೆಯ ಅಂಚು ಮೊಣಕಾಲಿಗೂ ಹೊರಟಿದ್ದವು. ಇಡೀ ಸಭೆ ಭಾಷಣ ಕೇಳುತ್ತಿತ್ತು, ಅತ್ತೆ ಗುಂಡಿ ನೋಡುತ್ತಿದ್ದರು. ಅವರ ತುಟಿ ಅರಳಿದ್ದು ಆಗ. ಛಾಯಾಗ್ರಾಹಕ ಕ್ಲಿಕ್ಕಿಸಿದ್ದೂ ಆಗಲೇ. ಅದನ್ನು ತಾವು 'ಸಹಾಯ ಮಾಡಲು ಸದಾ ಸಿದ್ಧವಾದ ನಗು' ಎಂದು ತಿಳಿದಿರಿ. ತಿಳಿಯಬಾರದೇಕೆ? ತಮ್ಮ ಬೆನ್ನ ಹಿಂದೆ ನಕ್ಕಿದ್ದನ್ನೆಲ್ಲ ತಾವು ಹಾಗೆಯೇ ತಿಳಿದು ಇಷ್ಟು ಎತ್ತರಕ್ಕೆ ಬಂದವರಲ್ಲವೇ?

ಇನ್ನು ಆ ಚಿತ್ರ ಮೂಲೆಗೆ ಹೋದ ಕಥೆ. ವೆಬ್‌ಸೈಟ್ ಮಾಡುವ ಕೆಲಸವನ್ನು ತಾವು ತಮ್ಮ ಭಾಮೈದನಿಗೆ ಕೊಟ್ಟಿರಿ. ಆ ಮಹನೀಯರು ಅಲ್ಲಿಯವರೆಗೆ ಗಾಜಿನ ತೊಟ್ಟಿ ಮತ್ತು ಬಣ್ಣದ ಮೀನು ಮಾರುತ್ತಿದ್ದರು. ಮುಖಪುಟ ತೆರೆದ ಕೂಡಲೇ ಕೆಂಪು ಮೀನುಗಳು ಅಕ್ಷರಗಳ ಮೇಲೆ ಈಜುವುದು, ಸಂಘದ ಕಚೇರಿಯ ವೇಳೆ ಏನೆಂದು ಓದಲು ಹೋದರೆ ಒಂದು ಮೀನು ಬಂದು ಸರಿಯಾಗಿ ಅದರ ಮೇಲೆಯೇ ನಿಲ್ಲುವುದು ಇದೇ ಕಾರಣಕ್ಕೆ. ಕೊಳಲಿನ ಸಂಗೀತವೂ ಇದೆ. ಅದನ್ನು ನಿಲ್ಲಿಸುವ ಗುಂಡಿಯೂ ಇದೆ. ಅದನ್ನು ಒತ್ತಿದರೆ ಕೊಳಲಿನ ಜೊತೆಗೆ ಡೋಲು ಸೇರುತ್ತದೆ. 'ನಮ್ಮ ವೆಬ್‌ಸೈಟ್ ತಮಗೆ ಇಷ್ಟವಾಯಿತೇ?' ಎಂದು ಆಗಾಗ ಒಂದು ಫಲಕ ಹಾರಿಬಂದು ಕೇಳುತ್ತದೆ. ಉತ್ತರಕ್ಕೆ ಎರಡೇ ಆಯ್ಕೆ: 'ಹೌದು' ಮತ್ತು 'ತುಂಬಾ ಹೌದು'. ಇಷ್ಟೆಲ್ಲ ಆದಮೇಲೆ ತಾವು ಆ ಭಾಮೈದನಿಗೆ ಒಂದು ಸೂಚನೆ ಬರೆದು ಕೊಟ್ಟಿರಂತೆ: 'ಕೆಳಮೂಲೆಗೆ ಸಹಾಯಕ್ಕೊಂದು ಗುಂಡಿ ಹಾಕುವುದು.' ಅವರು ಸಂಘದ ಚಿತ್ರಗಳ ರಾಶಿಯಲ್ಲಿ 'ಗುಂಡಿ' ಎಂದು ಹುಡುಕಿದರು. ಛಾಯಾಗ್ರಾಹಕ ಪುಣ್ಯಾತ್ಮ ಒಂದೇ ಒಂದು ಚಿತ್ರಕ್ಕೆ ಆ ಹೆಸರಿಟ್ಟಿದ್ದ. ಅವರು ಅದನ್ನೇ ಹಾಕಿದರು. ಸೂಚನೆಯನ್ನು ಅಕ್ಷರಶಃ ಪಾಲಿಸುವ ಇಂಥ ನೌಕರರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ?

ಇದಾವುದೂ ನಮಗೆ ಮೊದಲಿಗೆ ಗೊತ್ತಿರಲಿಲ್ಲ. ಅತ್ತೆಯವರಿಗೆ ಫೋನೆಂದರೆ ಕಿವಿಗೆ ಹಿಡಿಯುವ ವಸ್ತು. ನಾನು ಒಮ್ಮೆ ವೆಬ್‌ಸೈಟ್ ತೆರೆದು, ಮೀನು ನೋಡಿ, ಮುಚ್ಚಿದ್ದೆ. ಅಂಗಡಿಯಲ್ಲಿ ಮಾತ್ರ ವಿಚಿತ್ರಗಳು ಶುರುವಾದವು. ಟೈಲ್ಸ್ ಅಂಗಡಿಯ ಯಜಮಾನಿ, ಅತ್ತೆಯನ್ನು ಕಂಡರೆ ರಸ್ತೆ ದಾಟುತ್ತಿದ್ದವರು, ಒಂದು ಬೆಳಿಗ್ಗೆ ಒಳಗೆ ಬಂದು, "ನಿಮ್ಮ ಮಾತು ಕೇಳಿ ಮನಸ್ಸಿಗೆ ಎಷ್ಟು ಹಿತವಾಯ್ತು ಗೊತ್ತಾ?" ಎಂದು ಕೈಹಿಡಿದುಕೊಂಡರು. ಅತ್ತೆ ಕೈ ಬಿಡಿಸಿಕೊಂಡು, ಉಂಗುರ ಇದೆಯೋ ಇಲ್ಲವೋ ನೋಡಿಕೊಂಡರು. ಮಾರನೆಯ ದಿನ ಗೋದಾಮಿನ ಮಾಲೀಕರೊಬ್ಬರು ಏದುಸಿರು ಬಿಡುತ್ತ ಬಂದರು.

"ಏನಮ್ಮಾ, ಗುಂಡಿ ವಿಷಯ ನೋಡ್ಕೊಳ್ತೀನಿ ಅಂದಿದ್ರಿ, ಇನ್ನೂ ಆಗಿಲ್ವಲ್ಲ?"

"ಯಾವ ಗುಂಡಿ?" ಅತ್ತೆ ಡಬ್ಬಿಗೆ ಕೈಹಾಕಿದರು.

"ಅದೇ, ನಮ್ಮ ಗೋದಾಮಿನ ಮುಂದಿಂದು."

"ಮುಂದಿಂದೋ ಹಿಂದಿಂದೋ, ನನಗೇನ್ ಗೊತ್ತಾಗುತ್ತೆ? ಎರಡು ತೂತಿಂದಾ, ನಾಲ್ಕು ತೂತಿಂದಾ?"

"ತೂತಾ? ಏನಮ್ಮಾ ತಮಾಷೆ ಮಾಡ್ತೀರಾ? ಇಡೀ ಲಾರಿ ಇಳಿದುಹೋಗುತ್ತೆ ಅದರೊಳಗೆ!"

ಅತ್ತೆ ಆ ಮನುಷ್ಯನನ್ನು ಒಂದು ಕ್ಷಣ ನೋಡಿದರು. ಬೈಯಲಿಲ್ಲ. ಲೋಟದಲ್ಲಿ ನೀರು ಕೊಟ್ಟರು. ಅವರು ಹೋದಮೇಲೆ ನನ್ನತ್ತ ತಿರುಗಿ, "ಪಾಪ, ಮನೇಲಿ ಯಾರಾದ್ರೂ ಇದಾರೋ ಇಲ್ವೋ" ಎಂದರು. ಆ ಗೃಹಸ್ಥರು ರಸ್ತೆಯ ಗುಂಡಿಯ ಬಗ್ಗೆ ತಮ್ಮ ವೆಬ್‌ಸೈಟಿನಲ್ಲಿ ದೂರು ಬರೆದು, ಅತ್ತೆಯ ನಗುಮುಖದಿಂದ 'ಖಂಡಿತ ಗಮನಿಸುತ್ತೇನೆ' ಎಂಬ ಉತ್ತರ ಪಡೆದವರೆಂದು ನಮಗೆ ಹೇಗೆ ತಿಳಿಯಬೇಕು?

ಇವೆಲ್ಲ ನಕ್ಕು ಮರೆಯುವ ಮಾತು. ನಕ್ಕು ಮರೆಯಲಾಗದ್ದು ಎದುರಂಗಡಿಯ ಕನ್ನಡಕದವರ ವಿಷಯ.

ನಮ್ಮ ಮಳಿಗೆಗೆ ನೇರ ಎದುರು ಕನ್ನಡಕದ ಅಂಗಡಿಯಿದೆ. ಅದರ ಯಜಮಾನರು ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯನ್ನೇ ಮನೆಯಂತೆ ನೋಡಿಕೊಳ್ಳುವ, ಮೆಲುದನಿಯ ಮನುಷ್ಯ. ಕೆಲವು ವರ್ಷಗಳ ಹಿಂದೆ ಅವರು ತಮ್ಮ ಬಾಗಿಲ ಮೇಲೆ ಕನ್ನಡಕದ ಆಕಾರದ ಹಸಿರು ದೀಪವೊಂದನ್ನು ಹಾಕಿಸಿದರು. ಅದು ಮಿಣಮಿಣ ಮಿಣುಕುತ್ತಿತ್ತು. ಅದರಲ್ಲೂ ಒಂದು ಗಾಜು ಇನ್ನೊಂದಕ್ಕಿಂತ ತಡವಾಗಿ. "ಈ ವಯಸ್ಸಲ್ಲಿ ನನಗೆ ಕಣ್ಣು ಹೊಡೀತಾನೆ" ಎಂದು ಅತ್ತೆ ಮೊದಲ ದಿನವೇ ಸಿಡುಕಿದರು. ಅದಾದರೂ ಹೋಗಲಿ. ನಮ್ಮ ಗಲ್ಲಿಗೆ ಹಗಲಲ್ಲೂ ಬೆಳಕು ಸಾಲದು. ಆ ಹಸಿರು ಬೆಳಕು ಸೀದಾ ಬಂದು ಅತ್ತೆಯ ದಾರದ ಕಪಾಟಿನ ಮೇಲೆ ಬೀಳುತ್ತಿತ್ತು. ಅದರಡಿ ಬಿಳಿ ದಾರವೂ ತಿಳಿಹಸಿರು ದಾರವೂ ಒಂದೇ ಥರ ಕಾಣುತ್ತಿದ್ದವು. ದರ್ಜಿಯೊಬ್ಬರು ಶುಶ್ರೂಷೆ ಕಲಿಯುವ ಹುಡುಗಿಯರ ಬಿಳಿ ಸಮವಸ್ತ್ರಕ್ಕೆಂದು ಬಿಳಿ ದಾರ ಒಯ್ದರು. ಹೊಲಿದು ಬಿಸಿಲಿಗೆ ಹಿಡಿದಾಗ ಹೊಲಿಗೆಯೆಲ್ಲ ತಿಳಿಹಸಿರು! ಅವರು ಬಂದು ಅಂಗಡಿಯ ಮುಂದೆ ಕೂಗಾಡಿದ ದಿನ ಅತ್ತೆ ಜೀವಮಾನದಲ್ಲಿ ಮೊದಲ ಬಾರಿಗೆ ಎದುರು ಮಾತಾಡಲಿಲ್ಲ. ಬಣ್ಣದ ವಿಷಯದಲ್ಲಿ ಅವರನ್ನು ತಪ್ಪು ಹಿಡಿದವರು ಅದುವರೆಗೆ ಯಾರೂ ಇರಲಿಲ್ಲ.

ದರ್ಜಿ ಹೋದಮೇಲೆ ಅತ್ತೆ ಗಲ್ಲಿಗೆ ಇಳಿದು, "ರೀ ಕನ್ನಡಕದವರೇ, ನಿಮ್ಮ ದೀಪ ತೆಗೀರಿ, ನನ್ನ ಬಿಳಿ ಹಸಿರಾಗ್ತಿದೆ" ಎಂದರು. ಕನ್ನಡಕದವರು ಹೊರಗೆ ಬಂದು, ಒಳ್ಳೆಯ ಮನಸ್ಸಿನಿಂದಲೇ ಎಂದು ನಾನು ನಂಬಿದ್ದೇನೆ, ಹೀಗೆಂದುಬಿಟ್ಟರು: "ದೀಪ ಸರಿಯಾಗೇ ಇದೆ ಅಕ್ಕಾ. ಒಮ್ಮೆ ಕಣ್ಣು ತೋರಿಸ್ಕೊಳ್ಳಿ. ನಿಮಗೆ ರಿಯಾಯಿತಿ ಕೊಡ್ತೀನಿ." ಕಣ್ಣಿನ ಮಾತನ್ನಾದರೂ ಅತ್ತೆ ಕ್ಷಮಿಸುತ್ತಿದ್ದರೇನೋ. ರಿಯಾಯಿತಿ ಎಂಬ ಮಾತು ಎದೆಗೆ ನಾಟಿತು. ಅಂದಿನಿಂದ ಎರಡಂಗಡಿಗೂ ಮಾತು ಬಂದ್. ಗಲ್ಲಿಯ ಅಗಲ ಒಬ್ಬ ಮನುಷ್ಯ ಕೈಚಾಚಿದಷ್ಟು. ಅಷ್ಟು ಹತ್ತಿರದಲ್ಲಿ ಎದುರುಬದುರು ಕೂತು ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡದೆ ಇರುವುದು ಎಂಥ ಕಷ್ಟದ ಕೆಲಸವೆಂದು ತಮಗೆ ಗೊತ್ತೇ? ಇಬ್ಬರ ಕತ್ತೂ ಒಂದೇ ಕಡೆಗೆ ವಾಲಿಬಿಟ್ಟಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ನಾವು ಬಾಗಿಲು ತೆಗೆದರೆ ಎದುರಿನ ಹಸಿರು ದೀಪ ಆರಿತ್ತು. ಕನ್ನಡಕದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಬುಟ್ಟಿ ಕಿತ್ತಳೆ ಹಿಡಿದು ನಮ್ಮ ಮೆಟ್ಟಿಲಿಗೆ ಬಂದರು. ಅತ್ತೆಯ ಕೈಯಲ್ಲಿ ಲೇಸು ಕತ್ತರಿಸುವ ಕತ್ತರಿ ಹಾಗೇ ಬಾಯಿ ತೆರೆದು ನಿಂತಿತು.

"ಅಕ್ಕಾ, ನೀವು ದೊಡ್ಡ ಮನಸ್ಸು ಮಾಡಿದ್ರಿ. ನನಗಿಂತ ಮೊದಲು ನೀವೇ ಅಂದುಬಿಟ್ರಿ. ನನಗೆ ನಾಚಿಕೆ ಆಯ್ತು. ಆವತ್ತು ನಾನು ಹಂಗನ್ನಬಾರದಿತ್ತು. ಮನೆಯವಳಿದ್ದಾಗ ದಿನಾ ಹೇಳ್ತಿದ್ಲು, ಹೋಗಿ ಒಂದು ಮಾತಾಡಿ ಬನ್ನಿ ಅಂತ. ನನ್ನ ಕಾಲೇ ಏಳ್ಲಿಲ್ಲ."

ಅತ್ತೆ ನನ್ನನ್ನು ನೋಡಿದರು. ನಾನು ಯಂತ್ರದ ಬೆಲ್ಟನ್ನು ನೋಡಿದೆ. ಎದುರಿಗೆ ನಿಂತ ಮನುಷ್ಯನ ಕಣ್ಣು ತೇವವಾಗಿತ್ತು. ಅತ್ತೆಗೆ ತಲೆಬುಡ ಒಂದೂ ಅರ್ಥವಾಗಲಿಲ್ಲ. ಆದರೆ ಅಂಥ ಮುಖಕ್ಕೆ ಎದುರು 'ನೀವು ಏನು ಹೇಳ್ತಿದೀರಿ' ಎನ್ನುವಷ್ಟು ಗಟ್ಟಿ ಅವರಲ್ಲವೆಂದು ನನಗೆ ಅಂದೇ ಗೊತ್ತಾದದ್ದು. "ಹೂಂ" ಎಂದರು. ಬುಟ್ಟಿ ತೆಗೆದುಕೊಂಡರು. ಆಮೇಲೆ ಒಂದು ಹಣ್ಣು ಸುಲಿದು ಮೂಸಿ, "ಹುಳಿ ಇರುತ್ತೆ" ಎಂದು ಇಡೀ ಹಣ್ಣು ತಿಂದರು.

ಎಷ್ಟು ಸುಖದ ದಿನಗಳವು! ಬಿಳಿ ಬಿಳಿಯಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಎರಡೂ ಕಡೆಯಿಂದ "ಏನ್ರೀ", "ಏನಕ್ಕಾ" ಎಂಬ ಮಾತು ಗಲ್ಲಿ ದಾಟುತ್ತಿತ್ತು. ನನ್ನ ಎಣ್ಣೆಬಟ್ಟೆ ಎರಡು ಸಲ ಗೆರೆ ದಾಟಿದರೂ ನನಗೆ ಬಹುವಚನ ಬೀಳಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ, "ಅಮ್ಮಂಗೆ ಜ್ವರಗಿರ ಏನಾದ್ರೂ ಬಂದಿದೆಯಾ?" ಎಂದು ಹಣೆ ಮುಟ್ಟಿ ನೋಡಿದಳು.

ಆಮೇಲೆ ದನಿಗಳು ಶುರುವಾದವು. ಎದುರಿನಿಂದ ಯಾರೋ ಅಕ್ಷರ ಕೂಡಿಸಿ ಕೂಡಿಸಿ ಓದುವ ದನಿ. "ಕ್ಷ... ಮಿ... ಸಿ. ನ... ನ... ಗೆ... ಅದೇನದು, ಆಯ ಅಲ್ಲ, ಅರ್ಥ..." ಸ್ವಲ್ಪ ಹೊತ್ತಿಗೆ ಇನ್ನೊಂದು ದನಿ: "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ತಮಗೆ ಬೇಸರವಾಗಿದ್ದರೆ..." ಮಧ್ಯಾಹ್ನ ಒಬ್ಬ ಅಜ್ಜನ ದನಿ: "ಮೊದಲನೇ ಸಾಲು ಕಾಣುತ್ತಪ್ಪಾ, ಎರಡನೇದು ಮಸುಕು." ಇಡೀ ದಿನ ಎದುರಂಗಡಿಯಲ್ಲಿ ಊರವರೆಲ್ಲ ಒಂದೊಂದು ಕಣ್ಣು ಮುಚ್ಚಿಕೊಂಡು ಕ್ಷಮೆ ಕೇಳುತ್ತಿರುವಂತಿತ್ತು. ಅತ್ತೆ ತಡೆಯಲಾರದೆ ಎದ್ದು ಹೋದರು. ಹೋದಷ್ಟೇ ವೇಗದಲ್ಲಿ ಹಿಂದಿರುಗಿದರು. ಮುಖ ಸುಣ್ಣದಂತಾಗಿತ್ತು.

"ಅಳಿಯಂದಿರೇ, ಆ ಗೋಡೆ ಮೇಲೆ ನನ್ನ ಫೋಟೋ ಯಾಕಿದೆ?"

ನಾನು ಹೋಗಿ ನೋಡಿದೆ. ಕಣ್ಣು ಪರೀಕ್ಷಿಸುವ ಹಳೆಯ ಅಕ್ಷರದ ಹಲಗೆ ಗಿರಾಕಿಗಳಿಗೆಲ್ಲ ಬಾಯಿಪಾಠವಾಗಿದೆಯೆಂದು, ಕನ್ನಡಕದವರು ಅದರ ಪಕ್ಕದಲ್ಲಿ ಹೊಸದೊಂದನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಮೇಲೆ ಅತ್ತೆಯ ನಗುಮುಖ. ಕೆಳಗೆ, ದಪ್ಪಕ್ಷರದಿಂದ ಶುರುವಾಗಿ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ: 'ಕ್ಷಮಿಸಿ. ನನಗೆ ಅರ್ಥವಾಗಲಿಲ್ಲ. ತಮಗೆ ಬೇಸರವಾಗಿದ್ದರೆ ವಿಷಾದಿಸುತ್ತೇನೆ. ತಮ್ಮ ಸಂತೋಷವೇ ನಮ್ಮ ಸಂತೋಷ.' ನಾನು ಕೇಳಿದ್ದಕ್ಕೆ ಅವರು ಹೆಮ್ಮೆಯಿಂದ ಎಲ್ಲ ಹೇಳಿದರು. 'ಎದುರಿನವರು ನನ್ನ ಮೇಲೆ ಬಹಳ ದಿನದಿಂದ ಮುನಿಸಿಕೊಂಡಿದ್ದಾರೆ, ಸಂಘದವರು ಏನಾದರೂ ಮಾಡಬಹುದೇ?' ಎಂದು ಅವರು ವೆಬ್‌ಸೈಟಿನಲ್ಲಿ ಬರೆದರಂತೆ. ಬರೆದು ಕಣ್ಣೆತ್ತುವಷ್ಟರಲ್ಲಿ ಸ್ವತಃ ಎದುರಿನವರೇ ಪ್ರತ್ಯಕ್ಷರಾಗಿ, ನಗುತ್ತ, ಈ ಮಾತು ಹೇಳಿದರಂತೆ. "ನಿಮ್ಮತ್ತೇನ ಸಂಘದವರು ಅಲ್ಲಿ ಗೌರವಕ್ಕೆ ಕೂರಿಸಿದಾರೆ ಅಂದ್ಕೊಂಡೆ. ಒಳ್ಳೆ ಕೆಲಸ ಅಲ್ವಾ?"

ನಾನು ಹಿಂದಿರುಗಿ ಅತ್ತೆಗೆ ವೆಬ್‌ಸೈಟ್ ತೆರೆದು ತೋರಿಸಿದೆ. ಕೊಳಲು ಶುರುವಾಯಿತು. ಮೀನು ಬಂತು. ಆಮೇಲೆ ತಮ್ಮ ಇನ್ನೊಂದು ಫಲಕ ಹಾರಿಬಂತು: 'ಮುಂದುವರಿಯುವ ಮೊದಲು, ತಾವು ಮನುಷ್ಯರೇ ಎಂದು ಖಚಿತಪಡಿಸಿ.'

"ಇಷ್ಟು ವರ್ಷ ಚಂದಾ ಇಸ್ಕೊಳ್ಳುವಾಗ ಕೇಳ್ಲಿಲ್ಲ, ಈಗ ಕೇಳ್ತಾನಾ?" ಎಂದರು ಅತ್ತೆ. 'ಹೌದು' ಎಂದು ಒತ್ತಿದೆ. ಮೂಲೆಯಿಂದ ಅವರದೇ ಮುಖ ಕುಣಿಯುತ್ತ ಮೇಲೆ ಬಂದು, 'ನಮಸ್ಕಾರ! ನಾನು ತಮಗೆ ಹೇಗೆ ಸಹಾಯ ಮಾಡಲಿ?' ಎಂದಿತು. ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ದೂರದಿಂದಲೇ ನನಗೆ ಹೇಳಿ ಬರೆಸಿದರು.

"ಕೇಳಿ ಅವಳನ್ನ. ನೀನು ಯಾರು ಅಂತ."

'ನಾನು ತಮ್ಮ ಸಹಾಯಕಿ!'

"ನನ್ನ ಮುಖ ಹಾಕ್ಕೊಂಡು ಕನ್ನಡಕದವರ ಹತ್ರ ಕ್ಷಮೆ ಕೇಳೋಕೆ ನಿನಗೆ ಯಾರು ಹೇಳಿದ್ದು?"

'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ.'

"ಬಾಯಿ ಮುಚ್ಚು."

'ಧನ್ಯವಾದಗಳು! ತಮ್ಮ ಸಂತೋಷವೇ ನಮ್ಮ ಸಂತೋಷ.'

ಅತ್ತೆ ಸ್ಟೂಲಿನ ಮೇಲೆ ಕೂತರು. ಯಾರೊಂದಿಗೂ ಸೋಲದವರು ತಮ್ಮೊಂದಿಗೇ ಸೋತುಬಿಟ್ಟಿದ್ದರು.

ಮಾರನೆಯ ಬೆಳಿಗ್ಗೆ ನಾವು ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ತಾವು ಬಹಳ ಪ್ರೀತಿಯಿಂದ ಬರಮಾಡಿಕೊಂಡಿರಿ. "ಬನ್ನಿ ಬನ್ನಿ, ನಮ್ಮ ಸಹಾಯಕಿ!" ಎಂದಿರಿ. ಆ ಕ್ಷಣ ತಾವು ಎಷ್ಟು ದೊಡ್ಡ ಅಪಾಯದಲ್ಲಿದ್ದಿರೆಂದು ತಮಗೆ ತಿಳಿಯದು. ಅತ್ತೆಯ ಚೀಲದಲ್ಲಿ ಕತ್ತರಿಯಿತ್ತು. ಮುಖ ತೆಗೆಯಿರಿ ಎಂದೆವು. "ಅಮ್ಮಾ, ನಿಮ್ಮ ಮುಖ ಹಾಕಿದ ಮೇಲೆ ವೆಬ್‌ಸೈಟಿಗೆ ಬರೋರು ಎಷ್ಟು ಜಾಸ್ತಿ ಆಗಿದಾರೆ ಗೊತ್ತಾ? ಜನಕ್ಕೆ ನಿಮ್ಮ ನಗು ಬೇಕು" ಎಂದಿರಿ. ತಮ್ಮ ಭಾಮೈದನವರು ಒಳಗಿನಿಂದ ಬಂದು, ಮುಖ ತೆಗೆಯಲು ಸಾಧ್ಯವೇ ಇಲ್ಲವೆಂದೂ, ಎಲ್ಲವೂ ಒಂದಕ್ಕೊಂದು ಗಂಟುಬಿದ್ದಿರುವುದರಿಂದ ಮುಖ ತೆಗೆದರೆ ಮೀನು ನಿಂತುಹೋಗುತ್ತದೆಂದೂ ವಿವರಿಸಿದರು. ಕನ್ನಡಕದವರೊಂದಿಗೆ ರಾಜಿಯಾದದ್ದನ್ನು ತಾವು ಸಂಘದ ಸಾಧನೆಗಳ ಪುಟಕ್ಕೆ ಸೇರಿಸುವುದಾಗಿ ಹೇಳಿದಿರಿ. ಅತ್ತೆ ಮೇಜಿಗೆ ಕೈಯೂರಿ, "ನಾನು ಕೇಳದೇ ಇರೋ ಕ್ಷಮೇನ ನೀವು ಯಾರ್ರೀ ಹಂಚೋಕೆ?" ಎಂದಾಗ ಮಾತ್ರ ತಮ್ಮ ನಗು ಸ್ವಲ್ಪ ಬಾಡಿತು. "ಲಿಖಿತ ದೂರು ಕೊಡಿ" ಎಂದಿರಿ. ಎಲ್ಲಿ ಕೊಡಬೇಕೆಂದು ಕೇಳಿದೆವು. "ವೆಬ್‌ಸೈಟಲ್ಲಿ. ಕೆಳಮೂಲೆಯ ಗುಂಡಿ ಒತ್ತಿ" ಎಂದಿರಿ.

ಅಧ್ಯಕ್ಷರೇ, ಒಬ್ಬ ಹೆಂಗಸು ತನ್ನ ಮುಖದ ಮೇಲಿನ ದೂರನ್ನು ತನ್ನ ಮುಖಕ್ಕೇ ಕೊಟ್ಟು, ತನ್ನ ಮುಖದಿಂದಲೇ 'ಅರ್ಥವಾಗಲಿಲ್ಲ' ಎಂಬ ಉತ್ತರ ಪಡೆಯಬೇಕೇ? ಇಂಥ ವ್ಯವಸ್ಥೆಯನ್ನು ಮೀನಿನ ತೊಟ್ಟಿಯೊಳಗೆ ಕೂತು ಯೋಚಿಸಿದವರಲ್ಲದೆ ಬೇರೆ ಯಾರು ಕಟ್ಟಬಲ್ಲರು?

ಗಲ್ಲಿಗೆ ವಾಪಸ್ ಬಂದಾಗ ನಾನು ಮೆಲ್ಲಗೆ, "ಅತ್ತೇ, ಬಿಟ್ಬಿಡಿ. ದೀಪ ಹೆಂಗೂ ಆರಿದೆ. ಅವರಿಗೂ ಸಮಾಧಾನ, ನಮಗೂ ಸಮಾಧಾನ" ಎಂದೆ. ಇದು ತಮ್ಮಂಥವರಿಗೆ ಹಿಡಿಸುವ ಸಲಹೆಯೆಂದು ನನಗೆ ಗೊತ್ತು. ಅತ್ತೆ ನನ್ನತ್ತ ತಿರುಗಿಯೂ ನೋಡದೆ ಸೀದಾ ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದರು. ಗಿರಾಕಿಯೊಬ್ಬರು ಒಂದು ಕಣ್ಣು ಮುಚ್ಚಿ, 'ವಿಷಾ... ವಿಷಾ...' ಎನ್ನುತ್ತಿದ್ದರು. ಅವರನ್ನು ಹೊರಗೆ ಕಳುಹಿಸಿ ಅತ್ತೆ ಹೇಳಿದರು:

"ಕೇಳಿ ಕನ್ನಡಕದವರೇ. ಅದು ನಾನಲ್ಲ. ಮಿಷನ್ನು. ನನ್ನ ಫೋಟೋ ಹಾಕಿದಾರೆ ಅಷ್ಟೇ. ನಾನು ನಿಮ್ಮ ಹತ್ರ ಕ್ಷಮೆ ಕೇಳಿಲ್ಲ."

ಕನ್ನಡಕದವರು ಕೈಯಲ್ಲಿದ್ದ ಕನ್ನಡಕವನ್ನು ಒರೆಸಿದ್ದನ್ನೇ ಒರೆಸಿದರು. ಆಮೇಲೆ ಎದ್ದು ಗೋಡೆಯ ಕಟ್ಟನ್ನು ಇಳಿಸಿ, ಮುಖ ಕೆಳಗಾಗಿ ಮೇಜಿನ ಮೇಲಿಟ್ಟರು.

"ದೀಪ ಹಾಕ್ಕೊಳ್ಳಿ," ಎಂದರು ಅತ್ತೆ. "ಸುಳ್ಳು ಮಾತಿಗೆ ಆರಿಸಿದ ದೀಪದಿಂದ ನನಗೆ ಉಪಕಾರ ಬೇಡ."

"ನೀವು ಕೇಳಿಲ್ಲ ಸರಿ ಅಕ್ಕಾ. ಆದ್ರೆ ನಾನು ನಿಮ್ಮ ಮೆಟ್ಟಿಲಿಗೆ ಬಂದು ಹೇಳಿದ್ನಲ್ಲ, ಅದು ನಾನೇ. ಮಿಷನ್ನಲ್ಲ. ಅದನ್ನ ಹೆಂಗೆ ವಾಪಸ್ ತಗೊಳ್ಲಿ?"

ಅತ್ತೆ ಬಾಗಿಲ ಬಳಿ ನಿಂತುಬಿಟ್ಟರು. ಬೈಗುಳ ಹುಡುಕುತ್ತಿದ್ದಾರೆಂದು ನಾನು ಭಾವಿಸಿದೆ. ಸಿಗಲಿಲ್ಲವೆಂದು ಕಾಣುತ್ತದೆ. "ದೀಪ ಹಾಕಿ ನನ್ನ ಜೊತೆ ಬನ್ನಿ" ಎಂದರು. ಅವರು ಹಾಕಿದರು. ಬಂದರು. ಅತ್ತೆ ಕಪಾಟಿನಿಂದ ಎರಡು ದಾರದ ಉಂಡೆ ತೆಗೆದು ಹಲಗೆಯ ಮೇಲಿಟ್ಟು, "ಯಾವುದು ಬಿಳಿ ಹೇಳಿ" ಎಂದರು. ಕನ್ನಡಕದವರು ಬಗ್ಗಿ, ಓರೆಯಾಗಿ, ತಮ್ಮ ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿ, ಒಂದನ್ನು ಎತ್ತಿದರು. ನಾನು ಅದನ್ನು ಗಲ್ಲಿಯ ತುದಿಯ ಬಿಸಿಲಿಗೆ ಒಯ್ದೆ. ತಿಳಿಹಸಿರು!

"ಅಯ್ಯೋ," ಎಂದರು ಅವರು. "ಇದು ಹಿಂಗೆ ಬೀಳುತ್ತಾ ಇಲ್ಲಿ? ನಾನು ಒಂದಿನಾನೂ ಈ ಕಡೆಯಿಂದ ನೋಡೇ ಇಲ್ವಲ್ಲ!" ನಾಚಿಕೆಯಿಂದ ಉಂಡೆಯನ್ನು ತಿರುಗಿಸುತ್ತ, ಅದರ ತಳದ ಚೀಟಿಯಲ್ಲಿದ್ದ ಸಣ್ಣ ಅಕ್ಷರದತ್ತ ಬೆರಳಿಟ್ಟು, "ಅಕ್ಕಾ, ಇಲ್ಲಿ ಬಣ್ಣದ ನಂಬರ್ ಬರೆದಿರ್ತಾರಲ್ವಾ? ಅದನ್ನ ಓದಿ ಕೊಡಬಹುದಿತ್ತಲ್ಲ?" ಎಂದರು.

ಅತ್ತೆ ಉಂಡೆಯನ್ನು ತೆಗೆದುಕೊಂಡರು. ಹತ್ತಿರ ಹಿಡಿದರು. ದೂರ ಹಿಡಿದರು. ಕೈ ಚಾಚಿದಷ್ಟೂ ಚಾಚಿದರು; ಇನ್ನೊಂದಿಷ್ಟು ಉದ್ದದ ಕೈ ಬೇಕಿತ್ತು. ನಾನು ಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಕನ್ನಡಕದವರು ತುಟಿ ಪಿಟಕ್ಕೆನ್ನಲಿಲ್ಲ. ಅವರ ಸಜ್ಜನಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

"ಒಂದು ಕನ್ನಡಕ ಮಾಡಿ ಕೊಡಿ," ಎಂದರು ಅತ್ತೆ ಕೊನೆಗೆ, ಕಪಾಟಿನ ಕಡೆ ಮುಖ ಮಾಡಿ. "ರಿಯಾಯಿತಿ ಗಿಯಾಯಿತಿ ಏನೂ ಬೇಡ. ಪೂರ್ತಿ ದುಡ್ಡು ಕೊಟ್ಟು ತಗೋತೀನಿ."

ಅವರನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಕನ್ನಡಕದವರಿಗೂ ಬೇಕಾಗಲಿಲ್ಲ. ಮಾರನೆಯ ದಿನ ಅವರು ಹಸಿರು ದೀಪ ತೆಗೆದು ಮಿಣುಕದ ಬಿಳಿ ದೀಪ ಹಾಕಿಸಿದರು. ಈಗ ಸಂಜೆ ಗಿರಾಕಿಗಳಿಲ್ಲದಾಗ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ದಾರಿಹೋಕರ ಅಂಗಿ ಹೊಲಿದ ದರ್ಜಿಗಳನ್ನು ಒಟ್ಟಾಗಿ ಬೈಯುತ್ತಾರೆ. ಈ ರಾಜಿಯಲ್ಲಿ ಸಂಘದ ಪಾಲು ಎಳ್ಳಷ್ಟೂ ಇಲ್ಲವೆಂದು ಇಲ್ಲಿ ದಾಖಲಿಸುತ್ತೇನೆ. ಸಾಧನೆಗಳ ಪುಟದಲ್ಲಿ ಸೇರಿಸಿದ್ದರೆ ದಯಮಾಡಿ ಅಳಿಸಿ. ಅದರ ಮೇಲೆ ಒಂದು ಮೀನು ನಿಲ್ಲಿಸಿದರೂ ಸಾಕು.

ಆದರೆ ತಮ್ಮ ಮೂಲೆಯಲ್ಲಿ ಆ ಮುಖ ಇನ್ನೂ ಕುಣಿಯುತ್ತಿದೆ. ಗೋದಾಮಿನವರಿಗೆ ಅದು ಇವತ್ತೂ 'ಖಂಡಿತ ಗಮನಿಸುತ್ತೇನೆ' ಎಂದಿದೆ. ಅವರ ಲಾರಿ ಇವತ್ತೂ ಗುಂಡಿಗೆ ಇಳಿದಿದೆ. ಇಳಿದವರು ಬೈಯುವುದು ಯಾರನ್ನು? ತಮ್ಮನ್ನೇ? ಅಲ್ಲ. ರಸ್ತೆಯ ಕಡೆ ತಲೆಹಾಕಿಯೂ ಮಲಗದ, ಇಡೀ ದಿನ ಎರಡು ತೂತು ನಾಲ್ಕು ತೂತು ಎಂದು ಗುಂಡಿ ಆರಿಸುವ ಒಬ್ಬ ಹೆಂಗಸನ್ನು. ತಮ್ಮ ಸಂಘ ಮಾಡದ ಕೆಲಸಕ್ಕೆ ನಮ್ಮ ಅತ್ತೆ ಯಾಕೆ ಮುಖ ಕೊಡಬೇಕು?

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಅತ್ತೆಯ ಚಿತ್ರವನ್ನು ಕೂಡಲೇ ತೆಗೆಯಬೇಕು. ಮೀನು ನಿಂತರೆ ನಿಲ್ಲಲಿ, ಅವುಗಳಿಗೂ ದಣಿವಾಗಿದೆ. ಕೊಳಲನ್ನು ನಿಲ್ಲಿಸುವ ಗುಂಡಿ ಕೊಳಲನ್ನು ನಿಲ್ಲಿಸಬೇಕು. ಕೊಳಾಯಿಯವರನ್ನು ಹುಡುಕಿದರೆ ಕೊಳಾಯಿಯವರು ಸಿಗಬೇಕು. ಇನ್ನು ಖಾಲಿಯಾಗುವ ಆ ದುಂಡು ಬಿಲ್ಲೆಯೊಳಗೆ, 'ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ' ಎಂಬ ಮಾತಿನ ಪಕ್ಕದಲ್ಲಿ, ತಾವು ತಮ್ಮದೇ ಭಾವಚಿತ್ರವನ್ನು ಹಾಕಬೇಕು. ವೆಬ್‌ಸೈಟಿನ ಮಿಕ್ಕೆಲ್ಲ ಪುಟಗಳಲ್ಲೂ ತಾವಿದ್ದೀರಿ. ತಾವಿರಬೇಕಾದ ಆ ಒಂದು ಜಾಗದಲ್ಲಿ ಮಾತ್ರ ಬೇರೆಯವರನ್ನು ಕೂರಿಸಿದ್ದೀರಿ.

ಈ ವಾರ ಕಳೆಯುವುದರೊಳಗೆ ಇದು ಆಗದಿದ್ದರೆ ಅತ್ತೆಯವರು ಹೊಸ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ತಮ್ಮ ಕಚೇರಿಗೆ ಬರುತ್ತಾರೆ. ಇದನ್ನು ಬೆದರಿಕೆ ಎಂದು ತಿಳಿಯಬೇಡಿ. ಹವಾಮಾನ ವರದಿ ಎಂದು ತಿಳಿದು, ಕಿಟಕಿ ಬಾಗಿಲು ಭದ್ರಪಡಿಸಿಕೊಳ್ಳಿ.

ಇಂತಿ,
ತಮ್ಮ ಸಂಘಕ್ಕೆ ಚಂದಾ ತಪ್ಪಿಸದ, ತಮ್ಮ ವೆಬ್‌ಸೈಟಿನಲ್ಲಿ ಎಲ್ಲೂ ಸಿಗದ,
ಹೊಲಿಗೆ ಯಂತ್ರ ರಿಪೇರಿಯವನು
(ಪೇಟೆಯವರು ಈಗ ಕರೆಯುವಂತೆ, 'ಸಹಾಯಕಿಯ ಅಳಿಯ')